ಒದ್ದೆ ಗೋಣಿ

ಜೈಲಿನಿಂದ, ಚೆನ್ನೈ
8 ಜೂನ್ 2025

ಅಮ್ಮಾ,

ನಮಸ್ಕಾರ. ಕಾಲು ಮುಟ್ಟಲು ಆಗದ್ದರಿಂದ ಕಾಗದದಲ್ಲೇ ಮುಟ್ಟಿದ್ದೇನೆ ಎಂದುಕೋ.

ಇನ್ನು ಮೇಲೆ ಶನಿವಾರ ನನ್ನನ್ನು ನೋಡಲು ಬರಬೇಡ. ಬಂದರೂ ಬಿಡುವುದಿಲ್ಲ. ಹೋದ ವಾರ ಊಟದ ಸಾಲಿನಲ್ಲಿ ಒಬ್ಬ ವಿಠ್ಠಲನ ಹೆಸರೆತ್ತಿ ನಕ್ಕ. ಸತ್ತ ತಮ್ಮನಿಗಾಗಿ ಒಳಗೆ ಬಂದವನು ನಾನು ಎಂದು ಎಲ್ಲರಿಗೂ ಗೊತ್ತು. ಅವನ ದವಡೆ ಎರಡು ಕಡೆ ಮುರಿದಿದೆ. ನನ್ನ ಬಲಗೈ ಬೆರಳುಗಳು ಊದಿವೆ, ಅದಕ್ಕೇ ಅಕ್ಷರ ಹೀಗಿದೆ. ಇದಕ್ಕೆ ಶಿಕ್ಷೆಯೆಂದು ಭೇಟಿ, ಫೋನು ಎರಡನ್ನೂ ಬಿಡುಗಡೆಯವರೆಗೆ ನಿಲ್ಲಿಸಿದ್ದಾರೆ. ಪತ್ರ ಮಾತ್ರ ಉಳಿದಿದೆ.

ಪತ್ರಕ್ಕೂ ಒಂದು ತೊಡಕಿದೆ. ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಇಲ್ಲಿ ಓದಿ ಮುದ್ರೆ ಒತ್ತಬೇಕು. ತಮಿಳಿನಲ್ಲಿದ್ದರೆ ಅವತ್ತೇ ಹೊರಡುತ್ತದೆ. ಕನ್ನಡ ಓದಬಲ್ಲವರು ಒಬ್ಬರೇ, ಹೊಸೂರಿನ ಕಡೆಯ ಒಬ್ಬ ಸಾರ್. ಅವರಿಗೆ ಬಿಡುವಾದಾಗಲೇ ನಮ್ಮ ಪತ್ರಕ್ಕೆ ಗತಿ. ಹಾಗಾಗಿ ಮುಂದಿನದನ್ನು ತಮಿಳಿನಲ್ಲಿ ಬರೆಯಲೇ? ನೀನೂ ಹಾಗೇ ಮಾಡು.

ಇನ್ನೊಂದು ಮಾತು. ವಿಠ್ಠಲನ ಪಿಕಪ್ ಹೇಗಿದೆ? ಜನವರಿಯಲ್ಲಿ ಹೊರಗೆ ಬಂದ ಮೇಲೆ ಸ್ವಲ್ಪ ದಿನ ಬೆಟ್ಟಗಾಡು ಸುತ್ತಬೇಕು ಅನ್ನಿಸಿದೆ. ಗಾಡಿಗೆ ಫೋರ್ ವೀಲ್ ಡ್ರೈವ್ ಇದೆ, ಆದರೆ ಅದೊಂದೇ ಸಾಲದು. ಸ್ಪ್ರಿಂಗ್ ಬದಲಿಸಿ ಎರಡು ಇಂಚು ಎತ್ತರಿಸಬೇಕು. ಕೆಸರಿನ ಟೈರು ಹಾಕಬೇಕು. ಹೊಟ್ಟೆಯ ಕೆಳಗೆ ಉಕ್ಕಿನ ತಗಡು, ಮೂತಿಗೆ ಉಕ್ಕಿನ ಕೇಬಲ್ ಇರುವ ವಿಂಚ್. ಅಣ್ಣಾ ನಗರ್‌ನಲ್ಲಿ ಕೃಷ್ಣಪ್ರಸಾದ ಎಂಬವನ ಶೆಡ್ಡಿದೆ, ವಿಠ್ಠಲ ಗಾಡಿ ಬಿಡುತ್ತಿದ್ದದ್ದು ಅಲ್ಲಿಗೇ. ಅವನಿಗೆ ಹೇಳಿದರೆ ಸಾಕು, ಎಲ್ಲ ಗೊತ್ತು.

ಊಟ ಸರಿಯಾಗಿ ಮಾಡು.

ಉಪೇಂದ್ರ


ತ್ರಿಪ್ಲಿಕೇನ್
29 ಜೂನ್ 2025

ಉಪೇಂದ್ರಾ,

ಆಶೀರ್ವಾದ ಮಾಡುವ ಮನಸ್ಸಿಲ್ಲ. ಬರೆಯುವ ಕೈಗೆ ಅಭ್ಯಾಸವಾಗಿದೆಯೆಂದು ಮಾಡಿದ್ದೇನೆ.

ತಮಿಳಿನಲ್ಲಿ ಬರೆಯುತ್ತಾನಂತೆ. ನಿಮ್ಮಪ್ಪ ಪಂಢರಿನಾಥರಾಯರ ಮನೆತನ ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ನೆನಪಿರಲಿಲ್ಲ. ಬೀದಿಯಲ್ಲಿ ತಮಿಳು, ಹೊಸಿಲು ದಾಟಿದರೆ ಕನ್ನಡ ಎಂದು ಸಾಯುವವರೆಗೂ ಹೇಳಿದರು. ಮೆಸ್ಸಿನ ಕಲ್ಲುಮೇಜಿನ ಮೇಲೆ ಅಕ್ಕಿಹಿಟ್ಟು ಹರಡಿ ನಿಮ್ಮಿಬ್ಬರಿಗೂ ಅಕ್ಷರ ತಿದ್ದಿಸಿದವಳು ನಾನು. ನಿನ್ನಿಂದ ತಮಿಳಿನಲ್ಲಿ ಪತ್ರ ಬಂದರೆ ಒಡೆಯದೆ ಒಲೆಗೆ ಹಾಕುತ್ತೇನೆ. ತಡವಾದರೆ ಆಗಲಿ. ನಮಗೇನು ರೈಲು ತಪ್ಪಿಹೋಗುತ್ತದೆಯೇ?

ಪಿಕಪ್ ಚೆನ್ನಾಗಿದೆ. ಕೋಯಂಬೇಡಿಗೆ ನಾನೇ ಓಡಿಸಿಕೊಂಡು ಹೋಗಿ ತರಕಾರಿ ತರುತ್ತೇನೆ. ಎರಡು ಇಂಚು ಎತ್ತರಿಸಿದರೆ ಕುಂಬಳಕಾಯಿ ಮೂಟೆಯನ್ನು ಯಾರು ಹತ್ತಿಸುತ್ತಾರೆ, ನಿಮ್ಮ ತಾತ ಬರುತ್ತಾರೆಯೇ? ಮೆಸ್ಸಿನ ಪಾತ್ರೆ ಎತ್ತಿ ಎತ್ತಿ ಕಲಾವತಿಗೆ ಈಗಲೇ ಸೊಂಟ ಹಿಡಿದುಕೊಂಡಿದೆ. ಇದು ಮೆಸ್ಸಿನ ಗಾಡಿ, ಸರ್ಕಸ್ಸಿನದಲ್ಲ.

ಆಮೇಲೆ ವಿಂಚ್. ಆ ಮಾತನ್ನು ನನಗೆ ಬರೆಯಲು ನಿನಗೆ ಕೈ ಹೇಗೆ ಬಂತು? ಮೂತಿಗೆ ಕಟ್ಟುವ ಮೋಟಾರು, ಅದಕ್ಕೆ ಸುತ್ತಿದ ಕೇಬಲ್, ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯುತ್ತದೆ, ಅಷ್ಟು ನನಗೂ ಗೊತ್ತು. ಬೇಡವೆಂದರೂ ಗೊತ್ತಾಯಿತು. ಎರಡು ವರ್ಷದ ಹಿಂದೆ ಇದೇ ಪಿಕಪ್ ಕೆಸರಿನಲ್ಲಿ ಹೂತಿತ್ತು. ವಿಠ್ಠಲನ ಗೆಳೆಯ ಎನಿಸಿಕೊಂಡ ಗಂಗಾಧರ ತನ್ನ ಜೀಪಿನ ವಿಂಚ್‌ನಿಂದ ಎಳೆಯುತ್ತಿದ್ದ. ಹಾಗೆ ಎಳೆಯುವಾಗ ಕೇಬಲ್‌ನ ನಡುವೆ ಒದ್ದೆ ಗೋಣಿ ಹಾಕಬೇಕು. ಕೇಬಲ್ ತುಂಡಾದರೂ ಅದರ ಭಾರಕ್ಕೆ ನೆಲಕ್ಕೆ ಬೀಳುತ್ತದೆ, ಯಾರಿಗೂ ಬಡಿಯುವುದಿಲ್ಲ. ಇದನ್ನು ಗಂಗಾಧರನಿಗೆ ಕಲಿಸಿದವನೇ ನಮ್ಮ ವಿಠ್ಠಲ. ಅವತ್ತು ಬೆಳಿಗ್ಗೆ ಇಬ್ಬರೂ ಹೊಡೆದಾಡಿದ್ದರು. ಯಾವುದಕ್ಕೆ ಎಂದು ಇವತ್ತಿಗೂ ಯಾರೂ ಹೇಳಿಲ್ಲ. ವಿಠ್ಠಲ ನಿಲ್ಲಿಸು ಎಂದು ಕೈ ಎತ್ತಿದ್ದು ಜೊತೆಗೆ ಹೋಗಿದ್ದ ಜೀಪಿನವರ ಫೋನಿನಲ್ಲಿದೆ. ಗಂಗಾಧರ ನಿಲ್ಲಿಸಲಿಲ್ಲ. ಗೋಣಿಯೂ ಇರಲಿಲ್ಲ.

ಶವಾಗಾರದಲ್ಲಿ ಬಟ್ಟೆ ಸರಿಸಿ ತೋರಿಸಿದರು. ಕಿವಿಯಿಂದ ಕೊರಳಿನವರೆಗೆ ನನ್ನ ಮಗನಿಗೆ ಮುಖವೇ ಇರಲಿಲ್ಲ. ನಾನು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತೇನೋ, ಆ ಕೂಗು ಇನ್ನೂ ಒಳಗೇ ಇದೆ.

"ಗೋಣಿ ಹಾಕೋದು ಮರೆತುಹೋಯ್ತು ಸಾರ್" ಎಂದ ಗಂಗಾಧರ. ಪೊಲೀಸರು ಅಪಘಾತ ಎಂದು ಬರೆದುಕೊಂಡು ಕಡತ ಮುಚ್ಚಿದರು. ಏಳೆಂಟು ವರ್ಷ ನನ್ನ ಮೆಸ್ಸಿನಲ್ಲಿ ಉಂಡವನು. ಪಾತ್ರೆಯ ತಳ ಹಿಡಿದ ಅನ್ನಕ್ಕಾಗಿ ವಿಠ್ಠಲನ ಕೈಯಿಂದ ಸೌಟು ಕಿತ್ತುಕೊಳ್ಳುತ್ತಿದ್ದವನು. ಆ ಅನ್ನವನ್ನು ಈಗ ಯಾರಿಗೂ ಕೊಡುವುದಿಲ್ಲ, ನೀರು ಹೊಯ್ದು ನೆನೆಹಾಕುತ್ತೇನೆ.

ವಿಂಚ್ ಬೇಡ. ಏನೂ ಬೇಡ. ಹೊರಗೆ ಬಂದ ಮೇಲೆ ಬೆಟ್ಟ ಸುತ್ತಬೇಕೆಂದರೆ ಬಸ್ಸಿನಲ್ಲಿ ಸುತ್ತು.

ಅಮ್ಮ


ಜೈಲಿನಿಂದ
20 ಜುಲೈ 2025

ಅಮ್ಮಾ,

ನಿನ್ನ ಪತ್ರ ಬಂತು. ನೀನು ಬೈದದ್ದು ಓದಿ ಎಷ್ಟೋ ದಿನದ ಮೇಲೆ ನಗು ಬಂತು. ಆಮೇಲಿನದನ್ನು ಓದಿ ಊಟ ಬಿಟ್ಟೆ.

ನಿನಗೆ ಸುಳ್ಳು ಬರೆಯಲಾರೆ. ಬೆಟ್ಟ ಸುತ್ತುವ ಆಸೆಯೇನೂ ನನಗಿಲ್ಲ. ಗಂಗಾಧರ ಎಲ್ಲಿದ್ದಾನೆಂದು ಗೊತ್ತಾಯಿತು. ಜವ್ವಾದು ಬೆಟ್ಟದಲ್ಲಿ ಮಾವಿನ ತೋಟ ನೋಡಿಕೊಂಡು ಒಬ್ಬನೇ ಇದ್ದಾನಂತೆ. ಆ ಕಡೆಯವನೊಬ್ಬ ಇಲ್ಲಿ ನನ್ನ ಪಕ್ಕದಲ್ಲೇ ಮಲಗುತ್ತಾನೆ, ದಾರಿಯನ್ನೆಲ್ಲ ಹೇಳಿದ. ಬಸ್ಸು ನಿಲ್ಲುವ ಕಡೆಯಿಂದ ಮೇಲಕ್ಕೆ ರಸ್ತೆಯೇ ಇಲ್ಲ, ಬರೀ ಹಳ್ಳ, ಕೆಸರು. ಕಾರು ಹೋಗುವುದಿಲ್ಲ. ಅದಕ್ಕೇ ಅವನು ಆ ಜಾಗ ಹುಡುಕಿಕೊಂಡಿದ್ದಾನೆ.

ನನ್ನ ಮೇಲೆ ಕೇಸು ನಡೆದಾಗ ಕೋರ್ಟಿನಲ್ಲಿ ಹೇಳದ ಒಂದು ಮಾತಿದೆ. ಅಣ್ಣಾ ನಗರ್‌ನ ಗಂಗಾಧರನ ಟೈರಿನ ಅಂಗಡಿಯ ಮುಂದೆ ಚಕ್ರ ಬಿಚ್ಚುವ ಸ್ಪ್ಯಾನರ್ ಎತ್ತಿದಾಗ ನಾನು ಗುರಿಯಿಟ್ಟದ್ದು ತಲೆಗೆ. ಅವನು ಜಾರಿ ಬಿದ್ದ. ಏಟು ಮಂಡಿಗೆ ಬಿತ್ತು. ಮೂಳೆ ಒಡೆದ ಸದ್ದು ಕೇಳಿ ಸಮಾಧಾನವಾಯಿತು, ಅದಕ್ಕೇ ಮತ್ತೆ ಹೊಡೆದೆ, ಅಲ್ಲಿಗೇ ಹೊಡೆದೆ. ಜನ ಬಂದು ಹಿಡಿದುಕೊಳ್ಳುವವರೆಗೆ ಅವನು ಒಮ್ಮೆಯೂ ಕೈ ಅಡ್ಡ ಇಡಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಅವನು ಬೇಡಿಕೊಳ್ಳಬೇಕಿತ್ತು.

ನನಗೆ ಅವನೊಂದಿಗೆ ಮಾತಾಡಬೇಕು. ಈ ಪತ್ರ ಓದುವ ಸಾರ್ ಗಮನಕ್ಕೆ, ಮಾತಾಡಬೇಕು ಎಂದೇ ಬರೆದಿದ್ದೇನೆ.

ಗಾಡಿ ಸಿದ್ಧ ಮಾಡಿಸು ಅಮ್ಮಾ. ಒಂದು ಸಲ ಅಲ್ಲಿಗೆ ಹೋಗಿಬಂದರೆ ಸಾಕು, ಆಮೇಲೆ ನೀನು ಹೇಳಿದ ಹಾಗೆ ಕೇಳಿಕೊಂಡಿರುತ್ತೇನೆ.

ಉಪೇಂದ್ರ


ತ್ರಿಪ್ಲಿಕೇನ್
10 ಆಗಸ್ಟ್ 2025

ಉಪೇಂದ್ರಾ,

ಮಾತಾಡುವುದಕ್ಕೆ ಕೆಸರಿನ ಟೈರು ಬೇಕೇನೋ? ನನ್ನನ್ನು ಏನೆಂದುಕೊಂಡಿದ್ದೀಯ?

ನಿನ್ನ ಪತ್ರ ಬಂದ ದಿನವೇ ಇನ್ನೊಬ್ಬ ಬಂದ. ಆ ಜೀಪಿನವರ ಗುಂಪಿನವನು, ಗಡ್ಡದ ಹುಡುಗ. ಎಲೆಯ ಮುಂದೆ ಕೂತು ಅನ್ನ ಬಡಿಸಿದ ಮೇಲೆ ಬಾಯಿ ಬಿಟ್ಟ. "ಗಂಗಾಧರ ನಿಮ್ಮನ್ನ ನೋಡ್ಬೇಕಂತೆ ಆಂಟಿ. ಕಾಲಿಗೆ ಬೀಳ್ತಾನಂತೆ. ಬರ್ಲಾ ಅಂತ ಕೇಳ್ತಿದಾನೆ" ಎಂದ. ನನ್ನ ಕೈಯಲ್ಲಿ ಒಲೆಯಿಂದ ಆಗಷ್ಟೇ ಇಳಿಸಿದ ಸಾರಿತ್ತು. ಎಲೆಯ ಮೇಲೆ ಹೊಯ್ದೆ ಎಂದು ಕಲಾವತಿ ಎಲ್ಲರಿಗೂ ಹೇಳುತ್ತಾಳೆ. ಎಲೆಯ ಮೇಲಲ್ಲ, ಅವನ ಕೈಯ ಮೇಲೆ ಹೊಯ್ದೆ. ಮೊಣಕೈವರೆಗೆ ಚರ್ಮ ಎದ್ದಿತು. ಊಟಕ್ಕೆ ಕೂತಿದ್ದವರೆಲ್ಲ ಎದ್ದು ನಿಂತರು. ನಾನು ಅಡಿಗೆಮನೆಗೆ ಹೋಗಿ ಬೇರೆ ಸಾರು ಇಟ್ಟೆ.

ನನ್ನ ಹೊಟ್ಟೆಯಲ್ಲಿ ಇಂಥದ್ದು ಇದೆ ಎಂದು ನನಗೇ ಗೊತ್ತಿರಲಿಲ್ಲ. ನಿನ್ನ ಕೋಪ ಅಪ್ಪನ ಕಡೆಯದು ಎಂದು ಇಷ್ಟು ವರ್ಷ ದೂರುತ್ತಿದ್ದೆ. ಪಾಪ, ಅವರು ಇರುವೆಯನ್ನೂ ಊದಿ ಓಡಿಸುತ್ತಿದ್ದವರು.

ಬಿಚ್ಚಿ ಹೇಳುತ್ತೇನೆ. ಅವನು ಸಾಯಲಿ ಎಂದು ದೇವರ ದೀಪ ಹಚ್ಚುವಾಗ ದಿನವೂ ಕೇಳಿಕೊಳ್ಳುತ್ತೇನೆ. ಪಟದ ಗುರುರಾಯರಿಗೂ ನನ್ನ ಮುಖ ನೋಡಿ ಸಾಕಾಗಿರಬೇಕು. ಆದರೆ ನಿನ್ನ ಕೈಯಲ್ಲಿ ಬೇಡ. ಒಬ್ಬನನ್ನು ಕೇಬಲ್ ತಿಂದಿತು, ಇನ್ನೊಬ್ಬನನ್ನು ಜೈಲಿಗೆ ಬಿಟ್ಟುಕೊಡಲಾರೆ. ನೀನು ಅಲ್ಲಿಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ, ನನ್ನ ಬಾಯಿಗೆ ನೀರು ಬಿಡಲೂ ಯಾರೂ ಇರುವುದಿಲ್ಲ. ಅದಕ್ಕಿಂತ ಗಾಡಿಗೇ ಬೆಂಕಿ ಇಡುತ್ತೇನೆ.

ಹೀಗೆ ಬರೆದೆನಲ್ಲ, ಆದರೂ ಮೊನ್ನೆ ಕೃಷ್ಣಪ್ರಸಾದನ ಶೆಡ್ಡಿಗೆ ಹೋಗಿದ್ದೆ. ಸುಮ್ಮನೆ ಕೇಳಿಕೊಂಡು ಬರೋಣವೆಂದು. ಆ ಮನುಷ್ಯನಿಗೆ ಬಾಯಿ ಬಹಳ. ಎತ್ತರಿಸಿದರೆ ಕಲ್ಲು ತಾಗುವುದಿಲ್ಲ, ಆದರೆ ತಿರುವಿನಲ್ಲಿ ಮಗುಚುವ ಭಯ ಹೆಚ್ಚು ಎಂದ. ಕೆಸರಿನ ಟೈರು ಟಾರ್ ರೋಡಿನಲ್ಲಿ ಊಳಿಡುತ್ತದೆ ಎಂದ. ಸಿಟಿಯಲ್ಲೇ ಓಡಾಡುವ ಗಾಡಿಗೆ ಇದೆಲ್ಲ ದಂಡ ಎಂದ. "ಎಲ್ಲಿಗ್ ಹೋಗೋದಕ್ಕಮ್ಮ?" ಎಂದು ಕೇಳಿದ. "ತೀರ್ಥಯಾತ್ರೆಗೆ" ಎಂದೆ.

ಹಾಕಿಸುವುದಿಲ್ಲ. ಕೇಳಿಕೊಂಡು ಬಂದೆ, ಅಷ್ಟೇ.

ಅಮ್ಮ


ಜೈಲಿನಿಂದ
24 ಆಗಸ್ಟ್ 2025

ಅಮ್ಮಾ,

ಬೆಂಕಿ ಇಡು, ಪರವಾಗಿಲ್ಲ. ಬಸ್ಸು ನಿಲ್ಲುವ ಕಡೆಯಿಂದ ನಡೆದು ಹೋಗುತ್ತೇನೆ. ದಾರಿ ಬಾಯಿಪಾಠವಾಗಿದೆ. ದಿನವೂ ಗೋಡೆಯ ಕಡೆ ತಿರುಗಿ ಮಲಗಿ ಆ ಬೆಟ್ಟವನ್ನು ಒಂದು ಸಲ ಹತ್ತಿ ಇಳಿಯುತ್ತೇನೆ.

(ಇಲ್ಲಿ ಮೂರು ಸಾಲುಗಳ ಮೇಲೆ ಕಪ್ಪು ಮಸಿ ಬಳಿದಿದೆ.)

ಜನವರಿಯಲ್ಲಿ ನಾನು ನೇರ ಮನೆಗೆ ಬರುವುದಿಲ್ಲ. ಮೊದಲು ಅಲ್ಲಿಗೆ. ಇದನ್ನು ನಿನಗೆ ಮೊದಲೇ ತಿಳಿಸುವುದು ನನ್ನ ಧರ್ಮ.

ಉಪೇಂದ್ರ


ತ್ರಿಪ್ಲಿಕೇನ್
14 ಸೆಪ್ಟೆಂಬರ್ 2025

ಉಪೇಂದ್ರಾ,

ಮಸಿಯ ಕೆಳಗೆ ಏನಿತ್ತೆಂದು ಹೆತ್ತವಳಿಗೆ ಬೇರೆ ಹೇಳಬೇಕೇ? ಬೆಳಕಿಗೆ ಹಿಡಿದು ನೋಡಲೂ ಹೋಗಲಿಲ್ಲ.

ಸರಿ. ಗಾಡಿ ಸಿದ್ಧವಾಯಿತು. ಎತ್ತರಿಸಿದ್ದಾರೆ, ಟೈರು ಬಂದಿದೆ, ಹೊಟ್ಟೆಗೆ ತಗಡು ಬಿಗಿದಿದ್ದಾರೆ. ನನಗೆ ಹತ್ತಲು ಒಂದು ಮೆಟ್ಟಿಲನ್ನೂ ಕಟ್ಟಿಸಿಕೊಂಡೆ. ಮೌಂಟ್ ರೋಡಿನಲ್ಲಿ ಟೈರು ಊಳಿಡುವುದಕ್ಕೆ ಆಟೋದವರು ತಿರುಗಿ ನೋಡಿ, ಒಳಗೆ ಕೂತ ಮುದುಕಿಯನ್ನು ಕಂಡು ಕೈ ಮುಗಿಯುತ್ತಾರೆ.

ವಿಂಚ್ ವಿಷಯಕ್ಕೆ ಕೃಷ್ಣಪ್ರಸಾದ ಜಗಳ ತೆಗೆದ. ಈಗ ಯಾರೂ ಉಕ್ಕಿನ ಕೇಬಲ್ ಹಾಕಿಸುವುದಿಲ್ಲವಂತೆ. ನೈಲಾನ್ ಥರದ ಹಗ್ಗ ಬಂದಿದೆಯಂತೆ, ತುಂಡಾದರೂ ಅಷ್ಟಾಗಿ ಚಾಟಿಯ ಹಾಗೆ ಬೀಸುವುದಿಲ್ಲವಂತೆ. "ನಿಮ್ಮ ಮನೇಲಿ ಆಗಿರೋದು ಗೊತ್ತಿದ್ದೂ ನಾನು ಉಕ್ಕಿನದು ಹಾಕ್ಲಾ?" ಎಂದ. ಉಕ್ಕಿನದೇ ಹಾಕು, ದೊಡ್ಡ ಮಗ ಹಾಗೇ ಬರೆದಿದ್ದಾನೆ ಎಂದೆ. "ಹಾಗಾದ್ರೆ ಏನಾಗುತ್ತೆ ಅಂತ ಒಂದ್ಸಲ ನೋಡ್ಬಿಡಿ" ಎಂದು ಹೆದರಿಸಲು ಹೊರಟ.

ಶೆಡ್ಡಿನ ಹಿಂದಿನ ಬಯಲಿನಲ್ಲಿ ಎಳೆ ಬಿಟ್ಟುಕೊಂಡಿದ್ದ ಒಂದು ಹಳೆಯ ಕೇಬಲ್ ಕಟ್ಟಿದ. ಪಕ್ಕದಲ್ಲಿ ಸ್ಟೂಲಿನ ಮೇಲೆ ಒಂದು ಬೂದುಗುಂಬಳ ಇಟ್ಟ. ಎಲ್ಲರನ್ನೂ ಲಾರಿಯ ಹಿಂದೆ ನಿಲ್ಲಿಸಿ ಎಳೆದ. ಕೇಬಲ್ ತುಂಡಾದದ್ದು ನನಗೆ ಕಾಣಲಿಲ್ಲ. ಸ್ಟೂಲಿನ ಮೇಲೆ ಕುಂಬಳ ಇತ್ತು, ಆಮೇಲೆ ಇರಲಿಲ್ಲ. ಅದರ ತಿರುಳು ಶೆಡ್ಡಿನ ತಗಡಿಗೆ ಅಂಟಿಕೊಂಡಿತ್ತು. ನಾನು ಹತ್ತಿರ ಹೋಗಿ ಮುಟ್ಟಿ ನೋಡಿದೆ. ನನ್ನ ಮಗ ನೆನಪಾಗಲಿಲ್ಲ ಎಂದರೆ ನೀನು ನಂಬುತ್ತೀಯಾ? ಬೇರೆಯವನು ನೆನಪಾದ.

ಇನ್ನೊಂದು ಸಲ ಮಾಡು, ಈ ಸಲ ಒದ್ದೆ ಗೋಣಿ ಹಾಕಿ ಎಂದೆ. ಸ್ಟೂಲಿನ ಮೇಲೆ ಇನ್ನೊಂದು ಕುಂಬಳ ಇಟ್ಟು, ಉಳಿದ ತುಂಡನ್ನು ಕಟ್ಟಿ, ನಡುವೆ ಗೋಣಿ ನೇತುಹಾಕಿ ಎಳೆದ. ಅದೂ ತುಂಡಾಯಿತು. ಸತ್ತ ಹಾವಿನ ಹಾಗೆ ದೊಪ್ಪೆಂದು ಬಿತ್ತು. ಕುಂಬಳಕ್ಕೆ ಏನೂ ಆಗಲಿಲ್ಲ. ಅದನ್ನು ಮನೆಗೆ ತಂದು ಹುಳಿ ಮಾಡಿದೆ. ಇಷ್ಟೇ ವ್ಯತ್ಯಾಸ, ಉಪೇಂದ್ರಾ. ಒಂದು ಗೋಣಿ, ಒಂದು ಕೊಡ ನೀರು.

ಹೊಸ ವಿಂಚ್ ಬಿಗಿದು ಕೊಟ್ಟ. ಮೂಲೆಯಲ್ಲಿ ಅಂಥದ್ದೇ ಇನ್ನೊಂದು ಹಳೆಯ ಕೇಬಲ್ ಸುರುಳಿ ಬಿದ್ದಿತ್ತು, ಎರಡು ಕಡೆಯೂ ಕೊಕ್ಕೆ ಇರುವುದು. ಮೆಸ್ಸಿನ ಹಿತ್ತಲಿನಲ್ಲಿ ಬಟ್ಟೆ ಒಣಗಿಸಲು ಬೇಕೆಂದು ಕೇಳಿ ಅದನ್ನೂ ಗಾಡಿಗೆ ಹಾಕಿಸಿಕೊಂಡೆ.

ಇದಕ್ಕೆ ಬೇಗ ಉತ್ತರ ಬರೆ. ಜನವರಿಗೆ ಮನೆಗೆ ನೇರ ಬರುತ್ತೇನೆ ಎಂದು ಒಂದು ಸಾಲು ಬರೆದರೂ ಸಾಕು. ಕಾಯುತ್ತಿರುತ್ತೇನೆ.

ಅಮ್ಮ


ತ್ರಿಪ್ಲಿಕೇನ್
24 ಅಕ್ಟೋಬರ್ 2025

ಉಪೇಂದ್ರಾ,

ನಿನ್ನ ಉತ್ತರ ಬರಲಿಲ್ಲ. ನವರಾತ್ರಿ ಮುಗಿಯಿತು, ದೀಪಾವಳಿಯೂ ಮುಗಿಯಿತು. ಪೋಸ್ಟಿನವನು ಬೀದಿಯ ತುದಿಯಲ್ಲಿ ಕಂಡರೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಹೋಗುತ್ತಿದ್ದೆ. ಉತ್ತರ ಬಾರದ್ದೇ ನಿನ್ನ ಉತ್ತರ ಎಂದುಕೊಂಡೆ.

ಮೊನ್ನೆ ಬೆಳಿಗ್ಗೆ ಮೆಸ್ಸನ್ನು ಕಲಾವತಿಗೆ ಒಪ್ಪಿಸಿ ಹೊರಟೆ. ಪೊಲೀಸರಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಹೊಸೂರಿನ ಸಾರ್ ಕೂಡ ಓದಿಕೊಳ್ಳಲಿ.

ಬೆಟ್ಟದ ಬುಡದಿಂದಲೇ ಮಳೆ ಹಿಡಿಯಿತು. ಬಸ್ಸು ನಿಲ್ಲುವ ಕಡೆ ಕೇಳಿದೆ, ಕುಂಟನ ತೋಟವೇ ಎಂದು ದಾರಿ ತೋರಿಸಿದರು. ಆ ದಾರಿಯಲ್ಲಿ ಗಾಡಿ ಹತ್ತಿದ ರೀತಿ ನೋಡಿ ನನಗೆ ಹೆಮ್ಮೆಯಾಯಿತು. ಮೊಣಕಾಲಷ್ಟು ಕೆಸರು, ಕಲ್ಲು, ಒಂದಕ್ಕೂ ಜಗ್ಗಲಿಲ್ಲ. ವಿಠ್ಠಲನಿಗೆ ಈ ಗಾಡಿಯನ್ನು ಹೀಗೆ ನೋಡುವ ಆಸೆಯಿತ್ತು. ನಾನೇ ಅಡ್ಡ ಬಂದಿದ್ದೆ.

ಗಂಗಾಧರನ ಮನೆ ಕಾಣುವ ಕಡೆ ಒಂದು ಹಳ್ಳವಿದೆ. ಅದರಲ್ಲಿ ಗಾಡಿ ಹೂತುಕೊಂಡಿತು. ಹೂತುಕೊಂಡಿತು ಎಂದೇ ಬರೆಯುತ್ತೇನೆ. ಹಾರನ್ ಒತ್ತಿದೆ. ಅವನು ಕೋಲೂರಿಕೊಂಡು ಮಳೆಯಲ್ಲೇ ಇಳಿದು ಬಂದ. ಮೊದಲು ಗಾಡಿಯ ಗುರುತು ಸಿಕ್ಕಿತು. ನಿಂತುಬಿಟ್ಟ. ಆಮೇಲೆ ನನ್ನನ್ನು ಕಂಡ.

"ಅಮ್ಮಾ, ನೀವಾ?"

"ಗಾಡಿ ಸಿಕ್ಕಾಕ್ಕೊಂಡಿದೆ. ಎಳೀಬೇಕು" ಎಂದೆ.

"ಊಟ ಆಯ್ತಾಮ್ಮ?"

"ಮೊದ್ಲು ಇದಾಗ್ಲಿ."

ತೆಳ್ಳಗಾಗಿದ್ದಾನೆ. ತಲೆ ನರೆತಿದೆ. ನಿನ್ನ ವಯಸ್ಸಿನವನೇ ಅಲ್ಲವೇ? ವಿಂಚ್‌ನ ಕೇಬಲ್ ಎಳೆದುಕೊಂಡು ಹಳ್ಳದಾಚೆಯ ಮರಕ್ಕೆ ಹೊರಟ. ಮರ ದೂರವಿತ್ತು, ಎಟುಕಲಿಲ್ಲ. ಇನ್ನೊಂದು ಕೇಬಲ್ ಇದೆಯೇ ಎಂದು ಕೇಳಿದ. ಹಿಂದೆ ಬಿದ್ದಿದ್ದ ಹಳೆಯದನ್ನು ತೋರಿಸಿದೆ. ಅವನು ಅದನ್ನು ಎತ್ತಿಕೊಂಡು ಅಂಗೈಯಲ್ಲಿ ಸವರುತ್ತ ಬಂದ. ಒಂದು ಕಡೆ ಎಳೆ ಚುಚ್ಚಿ ರಕ್ತ ಬಂತು. ಅದನ್ನು ನೋಡಿದ, ನನ್ನನ್ನು ನೋಡಿದ. ಎರಡನ್ನೂ ಜೋಡಿಸಿ ಮರಕ್ಕೆ ಕೊಕ್ಕೆ ಹಾಕಿ ಬಂದು ಗಾಡಿಯ ಮೂತಿಯ ಪಕ್ಕ ನಿಂತ.

ಗೋಣಿ ನನ್ನ ಪಕ್ಕದ ಸೀಟಿನಲ್ಲೇ ಇತ್ತು. ತ್ರಿಪ್ಲಿಕೇನ್‌ನಲ್ಲೇ ನೆನೆಹಾಕಿ ಬಕೆಟ್ಟಿನಲ್ಲಿಟ್ಟು ತಂದಿದ್ದೆ. ಗಾಜಿನ ಮೂಲಕ ಅದು ಅವನಿಗೆ ಕಂಡಿತು.

"ಅಮ್ಮಾ, ಗೋಣಿ" ಎಂದ.

"ಅವತ್ತು ಯಾಕ್ ಹಾಕ್ಲಿಲ್ಲ, ಅದನ್ನ ಮೊದ್ಲು ಹೇಳು."

ಚುಚ್ಚಿದ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಮಳೆ ಅವನ ಮುಖದ ಮೇಲೆ ಸುರಿಯುತ್ತಿತ್ತು. ಆಮೇಲೆ ಹೇಳಿದ. "ಮರೆತಿರ್ಲಿಲ್ಲಮ್ಮ. ಗೋಣಿ ನನ್ನ ಕೈಲೇ ಇತ್ತು. ಬೆಳಿಗ್ಗೆ ಎಲ್ರ ಮುಂದೆ ಕೆನ್ನೆಗ್ ಹೊಡ್ದಿದ್ದ. ಸ್ವಲ್ಪ ಹೆದರ್ಲಿ ಅಂತ ಹಾಕ್ಲಿಲ್ಲ. ಹೆದರ್ಲಿ ಅಂತಷ್ಟೇ." ಹೇಳಿ ಅಲ್ಲೇ ನಿಂತ. ಕೋಲು ಕೈಯಲ್ಲಿತ್ತು, ಪಕ್ಕಕ್ಕೆ ಸರಿಯಬಹುದಿತ್ತು. ಸರಿಯಲಿಲ್ಲ.

ನಾನು ಕಿಟಕಿಯ ಗಾಜು ಏರಿಸಿ ವಿಂಚ್‌ನ ಗುಂಡಿ ಒತ್ತಿದೆ. ಗೋಣಿ ಹಾಕುವುದು ಮರೆತುಹೋಯಿತು.

ಕೇಬಲ್ ಮೊದಲು ಸಣ್ಣಗೆ ಕೂಗಿತು. ಆಮೇಲೆ ಅವನ ಎದೆ ತೆರೆದುಕೊಂಡಿತು. ಮುಂದಿನ ಗಾಜು ಒಡೆದು ನನ್ನ ಹಣೆಗೂ ಹೊಕ್ಕಿತು, ಹೊಲಿಗೆ ಹಾಕಿದ್ದಾರೆ. ಇಳಿದು ಹೋಗಿ ಕೆಸರಿನಲ್ಲಿ ಅವನ ಪಕ್ಕ ಕೂತೆ. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಿಲ್ಲ. ಏನೋ ಹೇಳಲು ನೋಡಿದ, ಬಾಯಲ್ಲಿ ರಕ್ತವೇ ಬಂತು. ಹೋಗಲು ಬಹಳ ಹೊತ್ತು ತೆಗೆದುಕೊಂಡ. ನಾನು ಕಣ್ಣು ಕೀಳದೆ ನೋಡಿದೆ. ಮುಗಿದ ಮೇಲೆ ಗೋಣಿಯನ್ನು ತಂದು ಮುಖದ ಮೇಲೆ ಹಾಕಿದೆ.

ಸ್ಟೇಷನ್ನಿನಲ್ಲಿ ಕೇಳಿದರು. ಮರೆತುಹೋಯಿತು ಎಂದೆ. ವಯಸ್ಸಾದವರು, ಇದೆಲ್ಲ ನಿಮಗೆ ಯಾಕೆ ಬೇಕಿತ್ತು ಎಂದು ಬೈದು ಅಪಘಾತ ಎಂದು ಬರೆದುಕೊಂಡರು. ಅವನಿಗೆ ಸಾಕಾದ ಮಾತು ನನಗೂ ಸಾಕಾಯಿತು. ಯಾವ ಗಿರಾಕಿ ಯಾವತ್ತು ಏನು ಬಡಿಸಿಕೊಂಡ ಎಂದು ನಾನು ಮರೆಯುವವಳಲ್ಲ, ಅದು ನಿನಗೊಬ್ಬನಿಗೆ ಗೊತ್ತು.

ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆದರೆ ಚೆನ್ನಾಗಿ ನಿದ್ದೆ ಬಂತು. ಅದೇ ನನಗೆ ಭಯ.

ಈಗ ನೀನು ಹೋಗಬೇಕಾದ ಬೆಟ್ಟ ಯಾವುದೂ ಉಳಿದಿಲ್ಲ. ಜನವರಿಗೆ ನೇರ ಮನೆಗೆ ಬಾ.

ಅಮ್ಮ


ಜೈಲಿನಿಂದ
1 ಅಕ್ಟೋಬರ್ 2025
(ಮೇಲೆ ಜೈಲಿನ ಮುದ್ರೆ: 28 ಅಕ್ಟೋಬರ್)

ಅಮ್ಮಾ,

ಇವತ್ತು ಆಯುಧಪೂಜೆ. ಇಲ್ಲಿ ನೇಯುವ ಮಗ್ಗಗಳಿಗೆ ಕುಂಕುಮ ಇಟ್ಟರು, ಒಂದೊಂದು ಹಿಡಿ ಕಡಲೆಪುರಿ ಕೊಟ್ಟರು.

ನಾನು ದವಡೆ ಮುರಿದಿದ್ದೆನಲ್ಲ, ಆ ಹುಡುಗನನ್ನು ಹೋದ ವಾರ ಬೇರೆ ಯಾರೋ ಚಮಚದ ಹಿಡಿಯನ್ನು ಮಸೆದು ಹೊಟ್ಟೆಗೆ ಚುಚ್ಚಿದರು. ಹತ್ತಿರದಲ್ಲಿದ್ದವನು ನಾನೇ. ಎರಡೂ ಕೈಯಿಂದ ಒತ್ತಿ ಹಿಡಿದೆ. ಬೆರಳ ಸಂದಿಯಿಂದ ಬಿಸಿಯಾಗಿ ಬರುತ್ತಲೇ ಇತ್ತು. ಅವನು ಅಮ್ಮನನ್ನು ಕರೆಯಲಿಲ್ಲ, ಮೊಸರನ್ನ ಕೇಳಿದ. ಆಸ್ಪತ್ರೆಯವರು ಬರುವವರೆಗೂ ಕೇಳುತ್ತಲೇ ಇದ್ದ. ಆಮೇಲೆ ಸತ್ತ. ನಾನು ತಲೆಯಲ್ಲಿ ಎಷ್ಟೋ ಸಲ ಮಾಡಿ ಮುಗಿಸಿದ್ದ ಕೆಲಸ ಅದು. ಕಣ್ಣೆದುರು ನೋಡಿದ ಮೇಲೆ ಅದರ ಆಸೆ ಹೋಯಿತು. ಅವನ ರಕ್ತ ಒಣಗಿದ ಕೈಯಲ್ಲೇ ಅವತ್ತು ಊಟ ಮಾಡಬೇಕಾಯಿತು, ನೀರು ನಿಂತಿತ್ತು.

ನಾನು ಬೆಟ್ಟಕ್ಕೆ ಹೋಗುವುದಿಲ್ಲ. ಗಂಗಾಧರ ಕುಂಟಿಕೊಂಡು ಬದುಕಲಿ. ಜನವರಿಯಲ್ಲಿ ನೇರ ಮನೆಗೆ ಬರುತ್ತೇನೆ. ಕೋಯಂಬೇಡಿಗೆ ನಾನೇ ಹೋಗುತ್ತೇನೆ, ನೀನು ಕೂತು ಗಿರಾಕಿಗಳನ್ನು ಬೈದುಕೊಂಡಿರು.

ಈ ಪತ್ರ ಬರೆಯಲು ಇನ್ನೊಂದು ಕಾರಣವಿದೆ. ಕುಂಬಳಕಾಯಿಯ ವಿಷಯ ಬರೆದಿದ್ದೆಯಲ್ಲ, ಆ ಪತ್ರ ಇವತ್ತು ಕೈಗೆ ಸಿಕ್ಕಿತು. ಬಟ್ಟೆ ಒಣಗಿಸಲು ಉಕ್ಕಿನ ಕೇಬಲ್ ಯಾರಿಗೆ ಬೇಕು ಅಮ್ಮಾ? ತುಕ್ಕಿನ ಕಲೆಯಾಗುತ್ತದೆ ಎಂದು ಕಬ್ಬಿಣದ ತಂತಿಯ ಮೇಲೆ ಒಂದು ಕರವಸ್ತ್ರವನ್ನೂ ಹಾಕಲು ಬಿಟ್ಟವಳಲ್ಲ ನೀನು. ಎಲ್ಲಿಗೂ ಹೋಗಬೇಡ. ವಿಂಚ್ ಬಿಚ್ಚಿಸು, ಆ ಕೇಬಲನ್ನು ಗುಜರಿಗೆ ಹಾಕು. ನಾನು ಮುಗಿಸಿದ್ದೇನೆ, ನೀನೂ ಮುಗಿಸು. ನಿನ್ನ ಕಾಲು ಹಿಡಿಯುತ್ತೇನೆ.

ಇದನ್ನು ತಮಿಳಿನಲ್ಲಿ ಬರೆದರೆ ಇವತ್ತೇ ಹೊರಡುತ್ತದೆ. ಎರಡು ಸಲ ತಮಿಳಿನಲ್ಲಿ ಶುರು ಮಾಡಿ ಹರಿದೆ. ನೀನು ಒಡೆಯದೆ ಒಲೆಗೆ ಹಾಕುತ್ತೀಯ, ನಿನ್ನ ಹಟ ನನಗೆ ಗೊತ್ತಿಲ್ಲವೇ? ಹೊಸೂರಿನ ಸಾರ್ ನಾಳಿದ್ದು ಬರುತ್ತಾರಂತೆ.

ಉಪೇಂದ್ರ


ತ್ರಿಪ್ಲಿಕೇನ್
30 ಅಕ್ಟೋಬರ್ 2025

ಉಪೇಂದ್ರಾ,

ಆಯುಧಪೂಜೆಯ ದಿನ ನೀನು ಬರೆದದ್ದು ಇವತ್ತು ಮಧ್ಯಾಹ್ನ ಬಂತು. ಮುದ್ರೆಯ ತಾರೀಕು ನೋಡಿದೆ. ಹೊಸೂರಿನ ಸಾರ್ ರಜೆ ಹಾಕಿ ಊರಿಗೆ ಹೋಗಿದ್ದರೇನೋ. ಅವರಿಗೂ ಹಬ್ಬ, ಹೆಂಡತಿ ಮಕ್ಕಳು ಇರುತ್ತಾರಲ್ಲ. ಅವರನ್ನು ಏನೂ ಅನ್ನಬೇಡ.

ನನ್ನ ಹೋದ ವಾರದ ಪತ್ರ ಇನ್ನೂ ನಿನ್ನ ಕೈ ಸೇರಿರುವುದಿಲ್ಲ. ಅದು ಕನ್ನಡದಲ್ಲಿದೆ. ಸೇರಿದಾಗ ಕೂತುಕೊಂಡು ಓದು.

ಗಿರಾಕಿಗಳೆಲ್ಲ ಹೋದ ಮೇಲೆ ಪಾತ್ರೆಯ ತಳ ಹಿಡಿದ ಅನ್ನವನ್ನು ಕೆರೆದು ಎರಡು ಎಲೆಗೆ ಹಾಕಿಟ್ಟೆ. ಯಾಕೆ ಇಟ್ಟೆನೋ ಗೊತ್ತಿಲ್ಲ. ಕಲಾವತಿ ಯಾರಿಗೆ ಎಂದು ಕೇಳಿದಳು. ಅತ್ತುಬಿಟ್ಟೆ. ವಿಠ್ಠಲ ಹೋದ ದಿನ ಬಾರದ ಕೂಗು ಈಗ ಬಂತು, ಬೀದಿಯವರೆಲ್ಲ ಬಂದು ನಿಂತರು.

ಇನ್ನು ಮೇಲೆ ತಮಿಳಿನಲ್ಲೇ ಬರೆ. ಒಲೆಗೆ ಹಾಕುವುದಿಲ್ಲ.

ಅಮ್ಮ